ರಾತ್ರಿ ಪಿಸ್ತೂಲನ್ನು ದಿನಾ ಖಾಲಿ ಮಾಡಬೇಕೇ?

ಚಿಕ್ಕ ಮಕ್ಕಳಿರುವ ಮನೆ, ಸೊಂಟದ ಪಿಸ್ತೂಲನ್ನು ರಾತ್ರಿ ಖಾಲಿ ಮಾಡಿಡಬೇಕೋ ತುಂಬಿದ್ದ ಹಾಗೇ ಇಡಬೇಕೋ ಎಂದು ಕೇಳಿದ್ದೀರಿ. ಎರಡಕ್ಕಿಂತ ಮುಖ್ಯ, ಬೀಗ. ದಿಂಬಿನಡಿ, ಬೀರುವಿನ ಮೇಲೆ ಇಡುವುದೆಲ್ಲ ಬೇಡವೇ ಬೇಡ; ಮಕ್ಕಳಿಗೆ ಎಟುಕದ ಎತ್ತರ ಅಂತ ಯಾವುದೂ ಇಲ್ಲ.

ಸಣ್ಣ ಉಕ್ಕಿನ ಸೇಫನ್ನು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಕೂರಿಸಿ. ಹೋಲ್‌ಸ್ಟರ್ (ಪಿಸ್ತೂಲು ಸಿಕ್ಕಿಸುವ ಒರೆ) ಸಮೇತ ಬಿಚ್ಚಿ ಹಾಗೇ ಒಳಗಿಡಿ. ಟ್ರಿಗರ್ ಮುಚ್ಚಿರುತ್ತದೆ, ಕೈಯಾಡಿಸುವುದೂ ಕಡಿಮೆ.

ದಿನಾ ಖಾಲಿ ಮಾಡುವುದರಲ್ಲಿ ಇನ್ನೊಂದು ತೊಂದರೆಯಿದೆ. ಬೆಳಿಗ್ಗೆ ಮತ್ತೆ ತುಂಬುವಾಗ ಒಂದೇ ಕಾರ್ಟ್ರಿಜ್ (ಇಡೀ ಗುಂಡು) ಮತ್ತೆ ಮತ್ತೆ ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿಯ ಗೂಡಿಗೆ ಹೋದರೆ, ಅದರ ತುದಿಯ ಬುಲೆಟ್ ಕೇಸಿನೊಳಕ್ಕೆ, ಅಂದರೆ ಮದ್ದು ತುಂಬಿದ ಲೋಹದ ಕವಚದೊಳಕ್ಕೆ ಸರಿಯುತ್ತದೆ. ಒಳಜಾಗ ಕುಗ್ಗಿ, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹೊಸದೊಂದರ ಪಕ್ಕ ನಿಲ್ಲಿಸಿ ನೋಡಿ. ಕೂದಲೆಳೆಯಷ್ಟು ಗಿಡ್ಡವಾಗಿದ್ದರೂ ಬಳಸಬೇಡಿ.

ಖಾಲಿ ಮಾಡಲೇಬೇಕಿದ್ದರೆ ನಳಿಗೆ ಸುರಕ್ಷಿತ ದಿಕ್ಕಿಗಿರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಮೊದಲು ಮ್ಯಾಗಝೀನ್ (ಗುಂಡುಗಳ ಡಬ್ಬಿ) ತೆಗೆದು ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆಯಿರಿ. ಕ್ರಮ ತಿರುಗುಮುರುಗಾದರೆ ಮ್ಯಾಗಝೀನಿನ ಮೇಲಿನ ಗುಂಡು ಚೇಂಬರಿಗೆ ಹೋಗಿ ಕೂರುತ್ತದೆ, ನೀವು ಖಾಲಿ ಅಂದುಕೊಂಡಿರುತ್ತೀರಿ! ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿ, ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿಯೂ ನೋಡಿ. ಹೊರಬರುವ ಗುಂಡನ್ನು ಅಂಗೈ ಮುಚ್ಚಿ ಹಿಡಿಯುವ ಚಮತ್ಕಾರ ಬೇಡ; ಅದು ವಾಲಿ ಅದರ ಬುಡದ ಪ್ರೈಮರ್ (ಮದ್ದಿಗೆ ಕಿಡಿ ಹತ್ತಿಸುವ ಭಾಗ), ಗುಂಡನ್ನು ಹೊರದೂಡುವ ಎಜೆಕ್ಟರಿಗೆ ಬಡಿದರೆ ಕೈಯಲ್ಲೇ ಸಿಡಿಯಬಹುದು. ನೆಲಕ್ಕೆ ಬೀಳಲಿ ಬಿಡಿ.

ಬೆರಳಚ್ಚಿನ ಬೀಗ ಒದ್ದೆ ಕೈಗೆ ಎಷ್ಟೋ ಸಲ ತೆರೆಯುವುದಿಲ್ಲ. ಬ್ಯಾಟರಿ ಬೇಡದ, ಗುಂಡಿ ಒತ್ತುವ ಯಾಂತ್ರಿಕ ಬೀಗವೇ ವಾಸಿ. ತೊಗಲಿನ ಹೋಲ್‌ಸ್ಟರ್ ಆದರೆ ಬೆವರು ಹೀರಿಕೊಂಡಿರುತ್ತದೆ, ಸೇಫಿನೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.