ಕೋಳಿ ಕಾರ್ನರ್: ಬಿಳಿ ಹೇಂಟೆಗೆ ಕಪ್ಪು ಮರಿ ಹೇಗೆ ಬಂತು?

ಪ್ರಶ್ನೆ: ಹಿತ್ತಲಲ್ಲಿ ಒಂದು ಹುಂಜ, ನಾಲ್ಕು ಹೇಂಟೆ ಇದಾವೆ, ಎಲ್ಲಾ ಬೆರಕೆ, ಯಾವ್ದಕ್ಕೂ ಇಂಥದ್ದೇ ತಳಿ ಅನ್ನಕ್ಕಾಗಲ್ಲ. ಹುಂಜ ಕೆಂಪು, ಎದೆ ಬಾಲ ಮಾತ್ರ ಕಪ್ಪು. ಹೇಂಟೆಗಳಲ್ಲಿ ಒಂದು ಅಚ್ಚ ಕಪ್ಪು, ಒಂದು ಕಪ್ಪು-ಬಿಳಿ ಪಟ್ಟೆ, ಒಂದು ಬೂದಿ ಬಣ್ಣ, ಒಂದು ಬಿಳಿ. ಬಿಳಿದರ ಮೊಟ್ಟೆ ಮಾತ್ರ ಕಾವಿಗಿಟ್ಟಿದ್ದೆ, ಮರಿ ನೋಡಿದ್ರೆ ಎಲ್ಲಾ ಕಪ್ಪು! ಯಾವ ಜೋಡಿಗೆ ಯಾವ ಬಣ್ಣ ಅಂತ ಮೊದ್ಲೇ ಹೇಳಕ್ಕಾಗುತ್ತಾ?

ಉತ್ತರ: ಸ್ವಲ್ಪ ಮಟ್ಟಿಗೆ ಆಗುತ್ತೆ. ಪ್ರತಿ ಬಣ್ಣದ ಜೀನೂ ಮರಿಗೆ ಅಪ್ಪನಿಂದ ಒಂದು ಕಾಪಿ, ಅಮ್ಮನಿಂದ ಒಂದು ಕಾಪಿ ಬರುತ್ತೆ (ಹೆಣ್ಣಿನ ವಿಷಯದಲ್ಲಿ ಒಂದು ಅಪವಾದ ಇದೆ, ಮುಂದೆ ಹೇಳ್ತೀನಿ). ಶುದ್ಧ ತಳಿ ಆದ್ರೆ ಅಪ್ಪ ಅಮ್ಮ ಇಬ್ಬರಲ್ಲೂ ಏನಿದೆ ಅಂತ ಗೊತ್ತಿರುತ್ತೆ, ಬೆರಕೆಲಿ ಮೇಲೆ ಕಾಣೋ ಬಣ್ಣ ಒಂದು, ಒಳಗಿರೋದು ಇನ್ನೊಂದು. ಅದಕ್ಕೇ ಶುದ್ಧ ತಳಿಗೆ ಮಾಡಿರೋ ಕಲರ್ ಚಾರ್ಟ್ ನೋಡಿ ಲೆಕ್ಕ ಹಾಕ್ಬೇಡಿ, ಮೊದಲ ಕಾವಿನ ಮರಿಗಳನ್ನೇ ನೋಡಿ, ಅವೇ ಸರಿಯಾಗಿ ಹೇಳ್ತವೆ.

ನಿಮ್ಮ ಬಿಳಿ ಹೇಂಟೆನೇ ತಗೊಳ್ಳಿ. ಕೋಳಿಲಿ ಬಿಳಿ ಮುಖ್ಯವಾಗಿ ಎರಡು ಥರ. ವೈಟ್ ಲೆಗ್‌ಹಾರ್ನ್ ಅನ್ನೋ ಬಿಳಿ ತಳಿದು ಪ್ರಬಲ ಬಿಳಿ, ಒಂದೇ ಕಾಪಿ ಇದ್ರೂ ಕಪ್ಪನ್ನ ಹೆಚ್ಚುಕಮ್ಮಿ ಅಳಿಸಿಬಿಡುತ್ತೆ (ಅಲ್ಲಲ್ಲಿ ಒಂದೆರಡು ಕಪ್ಪು ಚುಕ್ಕೆ ಉಳಿಯುತ್ತೆ, ಕೆಂಪನ್ನ ಮಾತ್ರ ಅಷ್ಟಾಗಿ ಮುಟ್ಟಲ್ಲ). ಇನ್ನೊಂದು ದುರ್ಬಲ ಬಿಳಿ, ಅಪ್ಪ ಅಮ್ಮ ಇಬ್ಬರಿಂದಲೂ ಬಂದ್ರೆ ಮಾತ್ರ ಕಾಣೋದು. ಒಂದೂ ಬಿಳಿ ಮರಿ ಇಲ್ಲ ಅಂದ್ರೆ ನಿಮ್ಮದು ಈ ಎರಡನೇದೇ ಇರ್ಬೇಕು. ಇನ್ನು ಆ ಕಪ್ಪು ಎಲ್ಲಿಂದ ಬಂತು? ಪೂರ್ತಿ ಕಪ್ಪು ಮಾಡೋ ಜೀನೂ ಪ್ರಬಲ, ಅದು ಹುಂಜದಲ್ಲಿ ಇದ್ದಿದ್ರೆ ಅವನ ಮೈ ಅಷ್ಟು ಕೆಂಪಿರ್ತಿರ್ಲಿಲ್ಲ, ಹಾಗಾಗಿ ಅದು ಅಮ್ಮಂದೇ, ಬಿಳಿ ಕೆಳಗೆ ಮುಚ್ಕೊಂಡು ಕೂತಿತ್ತು ಅಷ್ಟೇ. ಆದ್ರೆ ಒಂದು ಕೇಳ್ಬೇಕು, ಈ ಕೆಂಪು ಹುಂಜಕ್ಕೆ ಮುಂಚೆ ಬೇರೆ ಹುಂಜ ಏನಾದ್ರೂ ಜೊತೇಲಿತ್ತಾ? ಹೇಂಟೆ ಮೈಯಲ್ಲಿ ವೀರ್ಯ ಎರಡು ಮೂರು ವಾರ ಜೀವಂತ ಇರುತ್ತೆ, ಹುಂಜ ಬದಲಾಯಿಸಿ ಮೂರು ವಾರ ಆದ್ಮೇಲೆ ಹಾಕಿದ ಮೊಟ್ಟೆನೇ ಲೆಕ್ಕಕ್ಕೆ.

ಕಪ್ಪು ಹೇಂಟೇಲಿ ಆ ಪೂರ್ತಿ ಕಪ್ಪು ಮಾಡೋ ಜೀನ್ ಎರಡು ಕಾಪಿ ಇದ್ರೆ ಮರಿ ಎಲ್ಲಾ ಕಪ್ಪು, ಒಂದೇ ಇದ್ರೆ ಅರ್ಧಕ್ಕರ್ಧ ಕಂದು ಅಥವಾ ಬೆನ್ನ ಮೇಲೆ ಗೆರೆ ಇರೋ ಮರಿ ಬರುತ್ತೆ. ಕಪ್ಪಾಗಿ ಹುಟ್ಟಿದ್ರೂ ಬೆಳೀತಾ ಬೆಳೀತಾ ಕುತ್ತಿಗೇಲಿ, ಹುಂಜ ಆದ್ರೆ ಹೆಗಲ ಮೇಲೂ, ಅಪ್ಪನ ಕೆಂಪು ಇಣುಕೋದು ಮಾಮೂಲು. ಬೂದಿದು ಸುಲಭ, ಆ ಬಣ್ಣ ಅಂದ್ರೆ ಹೆಚ್ಚಾಗಿ ಕಪ್ಪನ್ನ ತಿಳಿ ಮಾಡೋ ಜೀನ್ ಒಂದೇ ಒಂದು ಕಾಪಿ ಇದೆ ಅಂತ, ಮರಿಗಳಲ್ಲಿ ಸುಮಾರು ಅರ್ಧಕ್ಕೆ ಅದು ಹೋಗುತ್ತೆ. ಕಪ್ಪಾಗ್ಬೇಕಾದ ಮರಿ ಬೂದಿ ಆಗುತ್ತೆ, ಅಪ್ಪನ ಥರ ಕೆಂಪಾಗೋ ಮರಿಗೆ ಬಾಲ ಎದೆ ಮಾತ್ರ ಬೂದಿ.

ನಂಗೆ ನಿಮ್ಮ ಗುಂಪಲ್ಲಿ ಇಷ್ಟ ಆಗಿದ್ದು ಪಟ್ಟೆ ಹೇಂಟೆ. ಪಟ್ಟೆ ಜೀನ್ ಇರೋದು ಝಡ್ ಅನ್ನೋ, ಗಂಡು ಹೆಣ್ಣು ತೀರ್ಮಾನಿಸೋ ಕ್ರೋಮೋಸೋಮ್ ಮೇಲೆ, ಹುಂಜಕ್ಕೆ ಝಡ್ ಎರಡು, ಹೇಂಟೆಗೆ ಒಂದೇ. ಆ ಒಂದನ್ನ ಅವಳು ಗಂಡು ಮಕ್ಕಳಿಗೆ ಮಾತ್ರ ಕೊಡೋದು, ಹೆಣ್ಣು ಮಕ್ಕಳಿಗೆ ಝಡ್ ಬರೋದು ಅಪ್ಪನಿಂದ. ಕಪ್ಪು ಮರಿಲಿ ಈ ಪಟ್ಟೆ ಜೀನ್ ನೆತ್ತಿ ಮೇಲಿನ ಚುಕ್ಕೆಯಾಗಿ ಕಾಣುತ್ತೆ. ಹಾಗಾಗಿ ಅವಳು ಎಷ್ಟೇ ಬೆರಕೆ ಆಗಿರ್ಲಿ, ಪಟ್ಟೆ ಇಲ್ಲದ ಹುಂಜದ ಜೊತೆ ಬಿಟ್ರೆ ಕಪ್ಪು ಮರಿಗಳಲ್ಲಿ ನೆತ್ತಿ ಮೇಲೆ ಹಳದಿ-ಬಿಳಿ ಚುಕ್ಕೆ ಇದ್ರೆ ಗಂಡು, ನೆತ್ತಿ ಬರೀ ಕಪ್ಪಿದ್ರೆ ಹೆಣ್ಣು. ಹುಟ್ಟಿದ ದಿನ, ಮೈ ಒಣಗಿದ ತಕ್ಷಣ ನೋಡಿ ಗುರುತು ಹಾಕ್ಬಿಡಿ. ಕಂದು ಮರಿ ಬಂದ್ರೆ ಆ ಚುಕ್ಕೆ ಅಷ್ಟು ನಂಬಬೇಡಿ, ಮಸುಕಾಗಿರುತ್ತೆ. ಬಣ್ಣ ನೋಡಿ ಗಂಡು ಹೆಣ್ಣು ಬೇರೆ ಮಾಡೋ ಈ ಉಪಾಯ ಒಂದನೇ ಮಹಾಯುದ್ಧದ ಕಾಲದಲ್ಲಿ ಆಹಾರ ಉಳಿಸೋಕೆ ಅಂತ ಮುಂದಿಟ್ಟಿದ್ದು ಬ್ರಿಟಿಷ್ ತಳಿವಿಜ್ಞಾನಿ ರೆಜಿನಾಲ್ಡ್ ಪನ್ನೆಟ್, ಮರಿಗೆ ಯಾವ ಜೀನ್ ಬರ್ಬಹುದು ಅಂತ ಲೆಕ್ಕ ಹಾಕೋಕೆ ಬಯಾಲಜಿ ಪುಸ್ತಕದಲ್ಲಿ ಬರೋ ಪನ್ನೆಟ್ ಚೌಕ ಅವರದ್ದೇ.

ಪ್ರಶ್ನೆ: ನಂದು ಪಟ್ಟೆ ಹುಂಜ, ಹೇಂಟೆ ಎಲ್ಲಾ ಕಪ್ಪು. ನೆತ್ತಿ ಚುಕ್ಕೆ ನೋಡಿ ಗಂಡು ಅಂತ ಬೇರೆ ಮಾಡಿದ ಮರಿಗಳಲ್ಲಿ ಅರ್ಧ ಈಗ ಮೊಟ್ಟೆ ಇಡ್ತಿವೆ!

ಉತ್ತರ: ಜೋಡಿ ತಿರುಗಾಮುರುಗಾ ಆಗಿದೆ. ಪಟ್ಟೆ ಅಮ್ಮನ ಕಡೆ ಇರ್ಬೇಕು, ಅಪ್ಪನ ಕಡೆ ಇದ್ರೆ ಗಂಡು ಹೆಣ್ಣು ಎರಡಕ್ಕೂ ಹೋಗುತ್ತೆ, ಚುಕ್ಕೆಯಿಂದ ಏನೂ ಗೊತ್ತಾಗಲ್ಲ. ನಿಮ್ಮ ಹುಂಜದಲ್ಲಿ ಎರಡು ಕಾಪಿ ಇದ್ರೆ ಎಲ್ಲಾ ಮರಿಗೂ ಪಟ್ಟೆ, ಒಂದೇ ಇದ್ರೆ ಅರ್ಧಕ್ಕೆ. ಎರಡು ಕಾಪಿ ಇರೋನ ಬಿಳಿ ಪಟ್ಟೆ ಅಗಲ, ದೂರದಿಂದ ತಿಳಿ ಬೂದಿ ಥರ ಕಾಣ್ತಾನೆ, ಒಂದೇ ಕಾಪಿ ಇರೋನು ಹೇಂಟೆ ಥರ ಗಾಢ. ಈ ಹುಂಜನ ಪಟ್ಟೆ ಹೆಣ್ಣು ಮರಿ ಒಂದೆರಡು ಇಟ್ಕೊಳ್ಳಿ, ದೊಡ್ಡದಾದ್ಮೇಲೆ ಅವಕ್ಕೆ ಕೆಂಪು ಅಥವಾ ಕಪ್ಪು ಹುಂಜ ಬಿಟ್ರೆ ಆಗ ಚುಕ್ಕೆ ಲೆಕ್ಕ ಸರಿಹೋಗುತ್ತೆ.