ಒಂಚೂರು ಅಂದ್ರೆ ಎಷ್ಟು?

ಪಕ್ಕದ ಮನೆಗೆ ಮಿಲ್ಟ್ರಿಯಿಂದ ರಿಟೈರ್ ಆದವರು ಬರುತ್ತಿದ್ದಾರೆ, ತುಂಬಾ ಶಿಸ್ತಿನವರಂತೆ, ಹೊಂದಿಕೊಳ್ಳುವುದು ಕಷ್ಟವಾ ಅಂತ ಕೇಳಿದ್ದೀರಿ. ಕಷ್ಟ ಏನೂ ಇಲ್ಲ. 'ಒಂಚೂರು', 'ಈಗ ಬಂದೆ' ಇಂಥ ಮಾತು ಮಾತ್ರ ಮೊದಮೊದಲು ನೋಡಿಕೊಂಡು ಆಡಿ.

ನಮ್ಮದು ಉಡುಪಿ ಹತ್ತಿರದ ಶಂಕರಪುರ. ಎಂಟು ವರ್ಷದಿಂದ ನಮ್ಮ ಬೇಲಿಯಾಚೆ ಒಬ್ಬರು ಸುಬೇದಾರರಿದ್ದಾರೆ. ಇದೇ ಊರಿನವರು, 28 ವರ್ಷ ಸೈನ್ಯದಲ್ಲಿದ್ದು ಬಂದವರು. ಬಂದ ಹೊಸದರಲ್ಲಿ ಒಮ್ಮೆ ಕಟಪಾಡಿಗೆ ಒಟ್ಟಿಗೆ ಹೋಗುವ ಮಾತಾಯಿತು. "ನೀವು ಹೊರಡಿ, ಐದೇ ನಿಮಿಷ, ಈಗ ಬಂದೆ" ಅಂದೆ. ನಮ್ಮ ಕಡೆ ಹಾಗಂದರೆ ಬರುವುದು ಖಂಡಿತ ಅಂತ ಅರ್ಥ, ಯಾವಾಗ ಅಂತ ಅಲ್ಲ, ಅಲ್ವಾ? ನಾನು ಹೋದಾಗ ಮುಕ್ಕಾಲು ಗಂಟೆ ಆಗಿತ್ತು. ಅವರು ಬಿಸಿಲಲ್ಲಿ ಗೇಟಿನ ಹತ್ತಿರವೇ ನಿಂತಿದ್ದರು, ಅಂಗಿ ಬೆನ್ನಿಗೆ ಅಂಟಿತ್ತು. ಬೈಯಲಿಲ್ಲ. "ಐದು ಅಂದ್ರೆ ಎಷ್ಟು ಮಾರಾಯ್ರೆ?" ಅಂತ ಕೇಳಿದರು. ತಿಳಿದುಕೊಳ್ಳಲಿಕ್ಕೇ ಕೇಳಿದ್ದು.

ಕಾರಣ ಆಮೇಲೆ ಗೊತ್ತಾಯಿತು. ಸಿಯಾಚಿನ್‌ನಲ್ಲಿ ಇದ್ದವರು ಅವರು. ಅಲ್ಲಿ ಕುಡಿಯುವ ನೀರಿಗೂ ಹಿಮ ಕರಗಿಸಬೇಕು, ಅದಕ್ಕೆ ಸೀಮೆಎಣ್ಣೆ ಬೇಕು. ಹವೆ ಕೆಟ್ಟರೆ ಹೆಲಿಕಾಪ್ಟರ್ ಇಲ್ಲ. 'ಒಂದಿಷ್ಟು ಎಣ್ಣೆ ಉಂಟು' ಅಂತ ಮೇಲಿನಿಂದ ಹೇಳಿದರೆ ಕೆಳಗಿದ್ದವರು ಏನು ಲೆಕ್ಕ ಹಾಕಬೇಕು? ಅದನ್ನು ಕೇಳಿದ ಮೇಲೆ ಅವರಿಗೆ ಸಮಯ ಹೇಳುವಾಗ ನಾನು ಗಡಿಯಾರ ನೋಡಿಯೇ ಹೇಳುತ್ತೇನೆ.

ನಮ್ಮ ಅಮ್ಮನ ಮಾತು ಇನ್ನೊಂದು ತುದಿ. ಉಪ್ಪು ಚಿಟಿಕೆ, ಹುಳಿ ಲಿಂಬೆ ಗಾತ್ರ, ಜಾತ್ರೆಗೆ ಜನ ಮಸ್ತ್, ಮಳೆ ಕಂಡಾಪಟ್ಟೆ, ಅಂಗಡಿ ಕೂಗಳತೆ ದೂರ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರೆ "ಒಂದು ಎಲೆಯಡಿಕೆ ಜಗಿಯುವಷ್ಟರಲ್ಲಿ ಬರ್ತದೆ". ಸುಬೇದಾರರು ಪಾಪ, ಸುಮ್ನೆ ತಲೆಯಾಡಿಸುತ್ತಿದ್ದರು.

ಇಬ್ಬರ ನಡುವೆ ಸಲುಗೆ ಬೆಳೆದದ್ದು ಮಲ್ಲಿಗೆಯಿಂದ. ಒಂದು ಬೆಳಿಗ್ಗೆ ಅಮ್ಮ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು, ಎಣಿಕೆ ನಡೆದಿತ್ತು. ಅವರು ಬಂದು ನಿಂತು ಕೇಳಿದರು.

"ಒಂದು ಚೆಂಡಿಗೆ ಸುಮಾರು ಎಷ್ಟು ಹೂ ಅಕ್ಕ?"

"ಸುಮಾರು ಎಂತದ್ದು? 800. ನಾಲ್ಕು ಚೆಂಡಿಗೆ ಒಂದು ಅಟ್ಟೆ."

ಅವರ ಮುಖ ಅರಳಿತು. "ಹಾಗಾದ್ರೆ ಒಂದು ಚೆಂಡು ಅಂದ್ರೆ ಒಂದು ಬೆಟಾಲಿಯನ್!" ಕಾಲಾಳು ಪಡೆಯ ಒಂದು ಬೆಟಾಲಿಯನ್‌ನಲ್ಲಿ 800ರ ಆಸುಪಾಸು ಜನ ಇರುತ್ತಾರಂತೆ. ಅಟ್ಟೆಯ 3,200 ಹೂ ಹೆಚ್ಚುಕಡಿಮೆ ಒಂದು ಬ್ರಿಗೇಡ್. ಅಮ್ಮನಿಗೆ ಇದು ಎಷ್ಟು ಹಿಡಿಸಿತು ಅಂದರೆ ಸಂಜೆಯೊಳಗೆ ಇಡೀ ಕೇರಿಗೆ ಹೇಳಿದ್ದರು.

ಅಲ್ಲಿಂದ ನಮ್ಮ ಮನೆಯ ಅಳತೆಯೇ ಬೇರೆ, ಎಲ್ಲ ಸೈನ್ಯದ ತುಕಡಿಗಳ ಲೆಕ್ಕ. 10 ಜನ ನೆಂಟರು ಬಂದರೆ ಒಂದು ಸೆಕ್ಷನ್, ಮೂವತ್ತು ದಾಟಿದರೆ ಪ್ಲಟೂನ್, 120 ಆದರೆ ಕಂಪನಿ. ಬೆಲ್ಲದ ಡಬ್ಬಿಗೆ ಇರುವೆ ಮುತ್ತಿದರೆ ನನ್ನ ಮಗಳು "ಅಜ್ಜಿ, ಬೆಟಾಲಿಯನ್ ಬಂತು" ಅಂತ ಕೂಗುತ್ತಾಳೆ.

ಇನ್ನೆರಡು ಮಾತು. ಪರಿಚಯ ಆದ ಕೂಡಲೇ ಮಿಲ್ಟ್ರಿ ಕ್ಯಾಂಟೀನಿನ ಮದ್ಯದ ಬಾಟಲಿ ಕೇಳಬೇಡಿ. ಅದು ಅವರ ಸ್ವಂತಕ್ಕೆ ಕೊಡುವುದು, ಮಾರುವಂತಿಲ್ಲ. ಕೇಳಿದರೆ ಅವರಿಗೆ ಇಲ್ಲ ಅನ್ನಲೂ ಸಂಕಟ. ಗಡಿಯಲ್ಲಿ ಏನಾಯಿತು ಅಂತಲೂ ಕೆದಕಬೇಡಿ. ನಮ್ಮವರು ಸಿಯಾಚಿನ್ ವಿಷಯ ಬಾಯಿಬಿಟ್ಟದ್ದು ಮೂರನೇ ಮಳೆಗಾಲದಲ್ಲಿ, ಕರೆಂಟು ಹೋದ ಒಂದು ರಾತ್ರಿ, ತಾವಾಗಿಯೇ.

ಮೊನ್ನೆ ಅವರ ಮನೆಯಲ್ಲಿ ಪೂಜೆ ಇತ್ತು. ಅಡುಗೆಗೆ ಕೈಜೋಡಿಸಲು ಹೋದ ಅಮ್ಮ, ಊಟಕ್ಕೆ ಎಷ್ಟು ಜನ ಅಂತ ಕೇಳಿದರು.

"ಒಂದು ಪ್ಲಟೂನ್ ಅಕ್ಕ" ಅಂದರು ಸುಬೇದಾರರು. ಸ್ವಲ್ಪ ಯೋಚಿಸಿ ಸೇರಿಸಿದರು, "ಮೇಲೆ ಒಂಚೂರು."

ಅಮ್ಮ ಮತ್ತೇನೂ ಕೇಳದೆ ಇನ್ನೊಂದು ಸೇರು ಅಕ್ಕಿ ತೊಳೆದರು.