ಕೌಂಟಿ ಕ್ಲರ್ಕ್ ಅಂದ್ರೆ ಗುಮಾಸ್ತರಾ?

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ಮಗಳಿಗೆ ಮದುವೆ ಲೈಸೆನ್ಸ್ ಕೊಟ್ಟಿದ್ದು ಕೌಂಟಿ ಕ್ಲರ್ಕ್ ಅಂತೆ. ಕಾನೂನು ಬದಲಾದರೆ ಅವರಿಗೆ ಹೇಗೆ ಗೊತ್ತಾಗುತ್ತೆ?
– ಓದುಗರು, ತಿಪಟೂರು

ಉತ್ತರ: ಹೆಸರು ನೋಡಿ ಮೋಸ ಹೋಗಬೇಡಿ ಸ್ವಾಮಿ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ; ಅಲ್ಲಿನ ಕ್ಲರ್ಕ್ 4 ವರ್ಷಕ್ಕೊಮ್ಮೆ ವೋಟು ಕೇಳಿ ಗೆದ್ದು ಬರುವವರು. ನಮ್ಮ ಸಬ್ ರಿಜಿಸ್ಟ್ರಾರ್ ಮಾಡುವಂಥ ಕೆಲಸ. ಲೈಸೆನ್ಸ್ ಸಿಕ್ಕ ಮೇಲೂ ಸಾಮಾನ್ಯವಾಗಿ 72 ಗಂಟೆ ಕಾಯಬೇಕು (ಮುಹೂರ್ತ ಇಟ್ಟವರ ಪಾಡು ಕೇಳಬೇಡಿ!). ಅಲ್ಲಿನ ಶಾಸನಸಭೆಯ ಮಾಮೂಲಿ ಅಧಿವೇಶನ 2 ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ಆಗ ಕ್ಲರ್ಕ್‌ಗಳ ಸಂಘ ಮಸೂದೆಗಳ ಮೇಲೆ ಕಣ್ಣಿಟ್ಟಿರುತ್ತೆ, ಮಸೂದೆಯ ಯಾವ ಸಾಲಿನಿಂದ ಕೌಂಟರ್‌ನಲ್ಲಿ ಕೆಲಸ ಕೆಡುತ್ತೆ ಅಂತ ಸಮಿತಿ ಮುಂದೆ ಹೋಗಿ ನೇರವಾಗಿ ಹೇಳುತ್ತೆ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಸುತ್ತೋಲೆ ಬಂದ ಮೇಲೆ ಗೊತ್ತಾಗೋದೇ ಜಾಸ್ತಿ, ಅಲ್ವಾ? ಆದರೂ ಕರಡು ನಿಯಮ ರಾಜ್ಯಪತ್ರದಲ್ಲಿ (ಗೆಜೆಟ್) ಬಂದು ಆಕ್ಷೇಪಣೆ ಕೇಳಿದಾಗ ನೀವೂ ಬರೆದು ಕಳಿಸಬಹುದು.